ದಾನಮ್ಮನ ಹೆಸರಿನ ಡಬ್ಬಿ

ನಾನೊಂದು ಸ್ಟೀಲ್ ಡಬ್ಬಿ. ಕಾರ್ಖಾನೆಯಲ್ಲಿ ತಗಡು ಒತ್ತಿ ನನ್ನನ್ನು ಮಾಡಿದರು. ಗದಗಿನ ಪಾತ್ರೆ ಅಂಗಡಿಗೆ ಬಂದಾಗ ಅಂಗಡಿಯವನು ನನ್ನ ಮುಚ್ಚಳ ಒತ್ತಿ, ತಲೆಕೆಳಗು ಮಾಡಿ ಅಲ್ಲಾಡಿಸಿ, "ನೋಡ್ರಿ, ಇರಿವಿಗೂ ದಾರಿ ಸಿಗಂಗಿಲ್ಲ" ಎಂದ. ಅಂದಿನಿಂದ ನನಗೆ ಸ್ವಲ್ಪ ಜಂಬ.

ನನ್ನನ್ನು ಕೊಂಡವಳು ಕಾಶವ್ವ, ತಂಗಿ ದಾನಮ್ಮನ ಚೊಚ್ಚಲ ಬಾಣಂತನಕ್ಕೆಂದು. ತಾಯಿ ಇಲ್ಲದ ತಂಗಿಗೆ ಅಕ್ಕನ ಮನೆಯೇ ತವರು. ನನ್ನ ಹೊಟ್ಟೆಯ ಮೇಲೆ ಟಿರ್ರೆಂದು ಮಷೀನು ಓಡಿಸಿ 'ದಾನಮ್ಮ' ಎಂದು ಹೆಸರು ಹಾಕಿಸಿದಳು. ಕಚಗುಳಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ಕಾಶವ್ವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಬಾಣಂತಿಯ ಅಂಟಿನುಂಡಿ ಕಟ್ಟಿದಳು. ವಾಸನೆಗೆ ತುಂಬುಬಸುರಿ ಬಂದು ಕೈ ಹಾಕಿದಳು. ಅಕ್ಕ ಕೈಮೇಲೆ ಒಂದು ಏಟು ಕೊಟ್ಟು, "ಹಡದ ಮ್ಯಾಲೆ ತಿನ್ನಾಕಿ, ಈಗ ಕೈ ತಗಿ!" ಎಂದಳು. ಇಬ್ಬರೂ ನಕ್ಕರು. ಆ ಮನೆಯಲ್ಲಿ ಅಂಥ ನಗು ಆಮೇಲೆ ಬಹಳ ಕಾಲ ನನ್ನ ಕಿವಿಗೆ ಬೀಳಲಿಲ್ಲ.

ಗಂಡು ಕೂಸು ಹುಟ್ಟಿತು. ಒಂದು ಹಗಲು ಬದುಕಿ ಹೋಯಿತು.

ದಾನಮ್ಮ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಓಣಿಯ ಹಿರಿಯ ಹೆಂಗಸರು ಬಂದು, "ಕೂಸಿಲ್ಲದಾಕಿಗೆ ಅಂಟಿನುಂಡಿ ಯಾಕವಾ, ಕಂಡ್ರ ಕರಳು ಚುರ್ರ ಅಂತೈತಿ" ಎಂದರು. ಕಾಶವ್ವನಿಗೂ ಹೌದೆನ್ನಿಸಿತು. ತೊಟ್ಟಿಲು ಅಟ್ಟಕ್ಕೇರಿತು. ಕೂಸಿನ ತಲೆಗೆಂದು ಹೊಲಿಸಿದ್ದ ಕುಂಚಿಗೆ ಟ್ರಂಕಿನ ತಳ ಸೇರಿತು. ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚಿ, ನನ್ನನ್ನು ತೊಳೆದು ಮುಚ್ಚಳ ಹಾಕಿಟ್ಟಳು. ಕೂಸಿನ ಮಾತು ಯಾರೂ ತೆಗೆಯಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿದಳು. ಎಲ್ಲವೂ ತಂಗಿಯ ಮೇಲಿನ ಪ್ರೀತಿಯಿಂದಲೇ.

ಎದೆಹಾಲು ಕಟ್ಟಿಕೊಂಡು ನೋಯುತ್ತಿದ್ದ ದಾನಮ್ಮ ಗೋಡೆ ಹಿಡಿದು ಅಡುಗೆಮನೆಗೆ ಬಂದಳು. ನನ್ನನ್ನು ಎತ್ತಿದಳು, ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ.

"ಅಕ್ಕಾ, ನಾ ಹಡದಿಲ್ಲೇನು?"

ಕಾಶವ್ವ ಕಣ್ಣು ತಪ್ಪಿಸಿ, "ಆದದ್ದು ಆತು, ಮರ್ತ ಬಿಡವಾ. ಮತ್ತೊಂದು ಆಗತೈತಿ" ಎಂದಳು.

ದಾನಮ್ಮ ನನ್ನ ಮುಚ್ಚಳ ಹಾಕಿ, ಅದೇ ಸಂಜೆ ಬೆಟಗೇರಿಯ ಗಂಡನ ಮನೆಗೆ ಹೊರಟುಹೋದಳು. ಮತ್ತೊಂದು ಆಗಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ "ಆರಾಮ?" "ಆರಾಮ." ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನಿಂದಲೂ ಮನೆ ಒಡೆಯುತ್ತದೆ ಎನ್ನುವುದನ್ನು ನಾನು ಶೆಲ್ಫಿನ ಮೇಲಿಂದ ನೋಡಿದೆ. ಕಾಶವ್ವ ನನ್ನಲ್ಲಿ ಏನನ್ನೂ ತುಂಬಲಿಲ್ಲ. ಹಬ್ಬಕ್ಕೆ ಪಾತ್ರೆ ತಿಕ್ಕುವಾಗ ಹೆಸರಿನ ಮೇಲೆ ಮಾತ್ರ ಅವಳ ಕೈ ಮೆತ್ತಗಾಗುತ್ತಿತ್ತು.

ವರ್ಷಗಳು ಉರುಳಿ, ಕಾಶವ್ವನ ಮಗಳು ಸುಮಂಗಲಾ ಹಡೆದು ಬಾಣಂತನಕ್ಕೆ ಬಂದಳು. ಮತ್ತೆ ಅಂಟಿನುಂಡಿ. ದೊಡ್ಡ ಡಬ್ಬಿ ಬೇಕೆಂದು ನನ್ನನ್ನೇ ಇಳಿಸಿದರು.

"ಅವ್ವಾ, ಇದರ ಮ್ಯಾಲೆ ಚಿಗವ್ವನ ಹೆಸರೈತಿ. ಆಕಿ ಬಾಣಂತನಾನೂ ನೀನ ಮಾಡಿದ್ದೇನು?"

ಬೆಲ್ಲ ಮೆತ್ತಿದ ಕಾಶವ್ವನ ಕೈ ನಿಂತಿತು. "ಇಲ್ಲ," ಎಂದಳು. "ಮಾಡಲಿಲ್ಲವಾ. ಆಕಿ ಬಾಣಂತಿ ಅನ್ನೂದನ್ನ ಮರ್ತೆ." ಅಲ್ಲೇ ಒಲೆಯ ಮುಂದೆ ಕೂತು ಅತ್ತಳು.

ಮರುದಿನ ಬೆಳಿಗ್ಗೆ ನನ್ನನ್ನು ತುಂಬಿಕೊಂಡು ಬೆಟಗೇರಿಯ ಟಂಟಂ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಅವಳು ನನ್ನನ್ನು ಎರಡೂ ಕೈಯಿಂದ ಅವಚಿಕೊಂಡಿದ್ದಳು. ಗಾಡಿಯ ಕುಲುಕಾಟಕ್ಕೆ ನನ್ನೊಳಗಿನ ಉಂಡಿಗಳು ಗುಡುಗುಡು ಎನ್ನುತ್ತಿದ್ದವು. ಆರಿದ ಗಾಯ ಕೆರೆದಂತಾದರೆ ಏನು ಗತಿ ಎಂದು ನನಗೂ ಹೆದರಿಕೆ.

ದಾನಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ನನ್ನನ್ನು ಕಂಡದ್ದೇ ಮಷೀನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದಳು.

"ಏನೈತಿ ಇದರಾಗ?"

"ಅಂಟಿನುಂಡಿ."

"ಸುಮಂಗಲಾ ಹಡದದ್ದಕ್ಕೇನು?"

"ಅಲ್ಲ. ನೀ ಹಡದದ್ದಕ್ಕ," ಎಂದಳು ಕಾಶವ್ವ. "ತಡಾ ಆತು, ದಾನೀ."

ದಾನಮ್ಮ ನನ್ನನ್ನು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಮುಚ್ಚಳಕ್ಕೆ ಉಗುರು ಕೊಟ್ಟಳು. ಬರಲಿಲ್ಲ. ಹಾಳು ನನ್ನ ಬಿಗಿ! ಅಕ್ಕ ನನ್ನನ್ನು ಒತ್ತಿ ಹಿಡಿದಳು, ತಂಗಿ ಎಳೆದಳು. ಆಗ ಬಂತು. ದಾನಮ್ಮ ಒಂದು ಉಂಡಿ ಮುರಿದು ಬಾಯಿಗಿಟ್ಟು, ಅಗಿಯುತ್ತಲೇ ಕೇಳಿದಳು:

"ಕೂಸಿಗೆ ಕೂದಲ ಭಾಳ ಇದ್ವು. ನೀ ನೋಡಿದ್ದೇನಕ್ಕಾ?"

"ನೋಡಿದ್ದೆ. ಹಣಿ ಮ್ಯಾಲೆ ಇಳಿದಿದ್ವು. ಮೂಗು ನಿಂದ."

ಆಗ ದಾನಮ್ಮ ಗಟ್ಟಿಯಾಗಿ ಅತ್ತಳು, ಅಕ್ಕನ ಮಡಿಲಲ್ಲಿ ತಲೆಯಿಟ್ಟು.

ಖಾಲಿ ಡಬ್ಬಿ ಮರಳಿ ಕೊಡಬಾರದಲ್ಲ? ಹೀಗಾಗಿ ಅಂದಿನಿಂದ ನನಗೆ ಬಿಡುವಿಲ್ಲ. ಶೇಂಗಾ ಹೋಳಿಗೆ ಆ ಕಡೆ, ಗುರೆಳ್ಳು ಚಟ್ನಿಪುಡಿ ಈ ಕಡೆ. ಓಡಾಡಿ ಮೈಯೆಲ್ಲ ನೆಗ್ಗಿದೆ, ಹೆಸರು ಸವೆದಿದೆ, ಮುಚ್ಚಳ ಸಡಿಲಾಗಿ ಇರಿವಿಗಳು ಧಾರಾಳವಾಗಿ ಬರುತ್ತವೆ. ಮುಚ್ಚಿಡುವುದೇ ನನ್ನ ಕಸುಬು. ಆದರೂ ಮುಚ್ಚಿಟ್ಟರೆ ಕೆಡುವಂಥವೂ ಇವೆಯೆಂದು ಈ ವಯಸ್ಸಿನಲ್ಲಿ ಒಪ್ಪಿಕೊಂಡಿದ್ದೇನೆ.

ಮೊನ್ನೆ ಸುಮಂಗಲಾಳ ಕಿರಿಮಗಳು ಅಂಬೆಗಾಲಿಟ್ಟು ಬಂದು ನನ್ನನ್ನು ಡಬಡಬ ಬಾರಿಸಿದಳು. ದಾನಮ್ಮ ಅವಳನ್ನು ಎತ್ತಿಕೊಂಡು, ನೆತ್ತಿಯ ಮೇಲಿನ ನಾಲ್ಕು ಕೂದಲು ನೇವರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಿನಗೊಬ್ಬ ಮಾಮಾ ಇದ್ದ ನೋಡವಾ. ತಲಿ ತುಂಬ ಕೂದಲ."