ಅತ್ತೆ ತಿರುವು

ಡಾಕ್ಟರು ಮೊದಲು ಸ್ಟೆಪ್ನಿ ಚಕ್ರ ತೆಗೆದ. ಆಮೇಲೆ ಕಾಲಡಿಯ ಕಾರ್ಪೆಟ್ಟು, ಹೀಟರು, ಗಾಜು ಏರಿಸುವ ಹಿಡಿಕೆಗಳು. ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯ ಸೀಟು ತೆಗೆದ.

ಕಾರು ಇಟಲಿಯದು. ಕೆಂಪು ಬಣ್ಣ, ಎರಡೇ ಸೀಟು, ವಯಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರಿಗಿಂತ ಹಿರಿದು. ಗಂಡ ಹಲ್ಲಿನ ಡಾಕ್ಟರು. ವಾರವಿಡೀ ಜನರ ಹಲ್ಲಿನ ತೂತು ಮುಚ್ಚಿ ಸಂಪಾದಿಸಿದ್ದನ್ನು ರಜೆಯ ದಿನ ಕಾರಿಗೆ ತೂತು ಹೊಡೆಯಲು ಸುರಿಯುತ್ತಿದ್ದ. ಹಳೇ ಕಾರು ಬೆಟ್ಟ ಹತ್ತುವ ಪಂದ್ಯದಲ್ಲಿ ಗೆಲ್ಲಬೇಕಾದರೆ ತೂಕ ಇಳಿಸಬೇಕು, ತೂಕ ಇಳಿಸುವುದಕ್ಕೆ ತೂತೇ ಮದ್ದು ಎಂದು ಅವನು ಎಲ್ಲೋ ಓದಿದ್ದ. ಗೇರ್ ಕಡ್ಡಿ, ಪೆಡಲು, ಬಾಗಿಲಿನ ಒಳತಗಡು, ಕೈಗೆ ಸಿಕ್ಕಿದ್ದಕ್ಕೆಲ್ಲ ಡ್ರಿಲ್ ಇಟ್ಟ. ಉದುರಿದ ಲೋಹದ ಪುಡಿಯನ್ನು ಗುಡಿಸಿ ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಇಷ್ಟು ಗ್ರಾಂ ಉಳಿಯಿತು ನೋಡಿ ಎಂದು ಮನೆಯವರನ್ನು ಕರೆದು ತೋರಿಸುತ್ತಿದ್ದ. ಅದೇ ಕಾಲದಲ್ಲಿ ಅವನ ಹೊಟ್ಟೆ ಬೆಲ್ಟು ದಾಟಿ ಸ್ಟೀರಿಂಗಿನ ಹತ್ತಿರ ಹೋಗಿತ್ತು. ಆ ಕಡೆ ತಕ್ಕಡಿ ತಿರುಗಲಿಲ್ಲ.

ಹೆಂಡತಿ ರೇಡಿಯೋದಲ್ಲಿ ಸುದ್ದಿ ಓದುವವಳು. ಸೇತುವೆ ಕುಸಿಯಲಿ, ಸರ್ಕಾರ ಬೀಳಲಿ, ದನಿ ಅಲುಗುತ್ತಿರಲಿಲ್ಲ. ಕಾರಿನ ಮೇಲೆ ಅವಳಿಗೆ ಭಕ್ತಿಯೇನಿರಲಿಲ್ಲ. ಅದು ಎಣ್ಣೆ ಸೋರುವ, ಬೇಸಿಗೆಯಲ್ಲಿ ಕುದಿಯುವ, ಚಳಿಯಲ್ಲಿ ಮುನಿಯುವ ಒಂದು ದುಬಾರಿ ಡಬ್ಬ. ಅವಳಿಗೆ ಬೇಕಾಗಿದ್ದು ಬೆಟ್ಟ. ವರ್ಷಕ್ಕೊಂದು ದಿನ ಹಳೇ ಕಾರುಗಳ ಕ್ಲಬ್ಬು ಬೆಟ್ಟದ ರಸ್ತೆ ಮುಚ್ಚಿಸಿ ಪಂದ್ಯ ಇಡುತ್ತಿತ್ತು. ಆ ದಿನ ಅವಳು ಗಂಡನ ಪಕ್ಕದಲ್ಲಿ ಹೆಲ್ಮೆಟ್ ಹಾಕಿ ಕೂತು ಮುಂದಿನ ತಿರುವು ಯಾವುದೆಂದು ಕೂಗಿ ಹೇಳುತ್ತಿದ್ದಳು. ಉಳಿದ ವರ್ಷವೆಲ್ಲ ಆ ಒಂದು ದಿನದ ಮೇಲೆ ಉಸಿರಾಡುತ್ತಿದ್ದಳು ಅಂದರೂ ತಪ್ಪಿಲ್ಲ.

ಓಡುವ ಕಾರಿನಲ್ಲಿ ಕಾಗದ ನೋಡಿದರೆ ಅವಳಿಗೆ ವಾಂತಿ. ಹಾಗಾಗಿ ತಿರುವುಗಳನ್ನು ನೆಂಟರನ್ನಾಗಿ ಮಾಡಿಕೊಂಡಿದ್ದಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಚುರುಕಾಗಿ ಕುಟುಕುವ ಜೋಡಿ ತಿರುವು ನಾದಿನಿ. ಉದ್ದಕ್ಕೆ ಎಳೆದು, ತಾಳ್ಮೆ ಇದ್ದವರಿಗೆ ಕಡೆಯಲ್ಲಿ ದಾರಿ ಬಿಡುವುದು ಮಾವ. ಬ್ರೇಕೇ ಬೇಡದ ಪೋಕರಿ ಮೈದುನ. ಒಂದರ ಬೆನ್ನಿಗೇ ಕರೆಯದೆ ಬಂದು ನಿಲ್ಲುವುದು ಷಡ್ಡಕ. ಎಲ್ಲಕ್ಕಿಂತ ಕಷ್ಟದ್ದು ಅತ್ತೆ. ಬಾಯಿತುಂಬ ಬಾ ಅನ್ನುತ್ತದೆ, ಒಳಗೆ ಹೋದಮೇಲೆ ಬಿಗಿಯುತ್ತದೆ. ಅಲ್ಲಿ ಬ್ರೇಕನ್ನು ಕಣ್ಣಿಗೆ ಬೇಡ ಅನ್ನಿಸುವಾಗಲೇ ಒತ್ತಬೇಕು. "ನಾದಿನಿ, ಎಡ, ಬಲ. ಮೈದುನ, ಒತ್ತು. ಷಡ್ಡಕ ಬಂದ. ಮುಂದೆ ಅತ್ತೆ, ನಂಬಬೇಡ, ಈಗ ಬ್ರೇಕು!" ಮನೆಯಲ್ಲಿ ಗಂಡನಿಗೆ ಬಹುವಚನ, ಬೆಟ್ಟದ ಮೇಲೆ ಅದಕ್ಕೆ ಹೊತ್ತಿರಲಿಲ್ಲ. ಅವಳು ಹೇಳಿದಂತೆ ಅವನು ತಿರುಗಿಸುತ್ತಿದ್ದ, ಪ್ರತಿವರ್ಷ ಎರಡನೆಯದೋ ಮೂರನೆಯದೋ ಬಹುಮಾನದ ಕಪ್ಪು ತಂದು ಕ್ಲಿನಿಕ್ಕಿನ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ದವಡೆಗಳ ಪಕ್ಕ ಇಡುತ್ತಿದ್ದ.

ಕೆಡಿಸಿದ್ದು ಕ್ಲಬ್ಬಿನ ಚಹಾ. ಕ್ಲಬ್ಬೆಂದರೆ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು, ಓಡದ ಕಾರುಗಳ ವೇಗದ ಬಗ್ಗೆ ಮಾತಾಡುವ ಹತ್ತಾರು ಗಂಡಸರು. ಅವರ ಕಾರ್ಯದರ್ಶಿಗೆ ಅಪ್ಪಟ ಎಂದು ಅಡ್ಡಹೆಸರು. ಅವನ ಜರ್ಮನ್ ಕಾರಿನಲ್ಲಿ ಒಂದು ತಿರುಪೂ ಬದಲಾಗಿಲ್ಲ, ಎಲ್ಲ ಅಪ್ಪಟ; ಬದಲಾಗಬಾರದೆಂದೇ ಅವನು ಅದನ್ನು ಓಡಿಸುತ್ತಲೂ ಇರಲಿಲ್ಲ. ಮಗುವಿಗೆ ದೃಷ್ಟಿಯಾದೀತೆಂದು ತೊಟ್ಟಿಲಿನಿಂದ ಇಳಿಸದೆ ಬೆಳೆಸಿದ ಹಾಗೆ. ಒಂದು ದಿನ ಅವನು ಬಿಸ್ಕತ್ತು ಅದ್ದುತ್ತಾ, "ಬಿಡಿ ಡಾಕ್ಟ್ರೇ, ಸ್ಟೀರಿಂಗ್ ನಿಮ್ದು, ತಲೆ ನಿಮ್ಮನೆಯವ್ರದ್ದು," ಅಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಡಾಕ್ಟರೇ. ಮುಂದಿನ ಭಾನುವಾರ ಸೀಟು ಹೊರಗೆ ಬಂತು.

"ಇದೇನ್ರೀ?" ಅಂದಳು. ಕೈಯಲ್ಲಿ ಕಾಫಿ ಲೋಟ ಇತ್ತು.

"ತೂಕ. ಸೀಟು ಒಂದು, ನೀನು ಒಂದು. ಲೆಕ್ಕ ಹಾಕು."

"ನಿಮ್ಮ ಹೊಟ್ಟೆ ಲೆಕ್ಕಕ್ಕಿಲ್ವಾ?"

"ಡ್ರೈವರ್ ತೂಕ ಯಾರೂ ಕಡಿಮೆ ಮಾಡಕ್ಕಾಗಲ್ಲ. ಅದು ಬೇಸಿಕ್ಕು."

"ತಿರುವು ಯಾರು ಹೇಳ್ತಾರೆ?"

"ಇಷ್ಟು ವರ್ಷ ಹತ್ತಿದೀನಿ. ನಂಗೆ ಗೊತ್ತಿಲ್ವಾ?" ಸ್ಪ್ಯಾನರ್ ಕಡೆಗೆ ನೋಡಿಕೊಂಡು ಅಂದ. ಹೆಂಡತಿಯ ಮುಖ ನೋಡಿ ಹೇಳುವಷ್ಟು ಧೈರ್ಯ ಆ ತೂತುಬಿದ್ದ ಕಾರಿನಲ್ಲೂ ಸಿಕ್ಕಿರಲಿಲ್ಲ.

ಅವಳು ಕಾಫಿ ಮುಗಿಸಿದಳು. ಕಿತ್ತ ಸೀಟು ಹಾಲಿನ ಮೂಲೆ ಸೇರಿತು. ಎರಡೇ ದಿನಕ್ಕೆ ನಿಜವಾದ ಅತ್ತೆ, ಡಾಕ್ಟರ ತಾಯಿ, ಅದರಲ್ಲಿ ಕೂತು ಬೀನ್ಸ್ ಬಿಡಿಸತೊಡಗಿದಳು. ಎತ್ತರದ, ಮಾತಿನಲ್ಲಿ ಯಾರಿಗೂ ರಿಯಾಯಿತಿ ಕೊಡದ ಹೆಂಗಸು. "ಇಷ್ಟು ವರ್ಷದಲ್ಲಿ ಈ ಮನೇಲಿ ಬೆನ್ನಿಗೆ ಆಸರೆ ಆಗಿದ್ದು ಇದೊಂದೇ ಕಣೇ," ಅಂದಳು. "ಇದನ್ನ ಯಾಕೆ ಕಿತ್ತ ನಿನ್ನ ಗಂಡ?"

"ನನ್ನ ತೂಕ ಜಾಸ್ತಿ ಆಯ್ತಂತೆ ಅತ್ತೆ."

"ಕನ್ನಡಿ ಮಾರಿ ಕಾರು ತಗೊಂಡ್ನಾ?" ಅಂದು ಅತ್ತೆ ಬೀನ್ಸಿನ ನಾರು ಎಳೆದಳು.

ಪಂದ್ಯದ ದಿನ ಕೆಂಪು ಕಾರನ್ನು ಟ್ರೈಲರ್ ಮೇಲೆ ಹಗ್ಗ ಬಿಗಿದು ಮಲಗಿಸಿಕೊಂಡು ಡಾಕ್ಟರು ಮುಂದೆ ಹೋದ. ಬೆಟ್ಟ ಹತ್ತುವ ಕಾರು, ಬೆಟ್ಟದವರೆಗೆ ಹೋಗಲು ಇನ್ನೊಂದರ ಬೆನ್ನೇರಬೇಕು. ಹಿಂದಿನಿಂದ ಅವಳು ಮನೆಯ ಸಾದಾ ಕಾರಿನಲ್ಲಿ ಅತ್ತೆಯನ್ನು ಕರೆದುಕೊಂಡು ಬಂದಳು. ಬರುವುದೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿದ್ದಳು. ಎಲ್ಲೋ ಒಂದು ಕಡೆ, ಕೊನೇ ಗಳಿಗೆಯಲ್ಲಿ ಅವನು ಕರೆದಾನು ಎಂಬ ಆಸೆ ಇತ್ತು. ಆ ಆಸೆಗೆ ಅವಳೇ ಮನಸ್ಸಿನಲ್ಲಿ ಎರಡು ಬೈದಳು. ಆದರೂ ಹೆಲ್ಮೆಟ್ಟನ್ನು ಡಿಕ್ಕಿಯಲ್ಲಿಟ್ಟಳು. ಡಿಕ್ಕಿಯಲ್ಲಿ ಸೀಟೂ ಇತ್ತು. ಅದಿಲ್ಲದೆ ಎಲ್ಲೂ ಕೂರುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಳು.

ಬೆಟ್ಟದ ಬುಡದಲ್ಲಿ ಗುಡಾರ, ಧ್ವನಿವರ್ಧಕ, ಪೆಟ್ರೋಲಿನ ವಾಸನೆ. ಕಾರುಗಳನ್ನು ಒಂದೊಂದಾಗಿ ತೂಕದ ಹಲಗೆಯ ಮೇಲೆ ಹತ್ತಿಸುತ್ತಿದ್ದರು. ಡಾಕ್ಟರು ಹತ್ತಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತ. ಅಪ್ಪಟ ಅಂಕಿ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ.

"ಡಾಕ್ಟ್ರೇ, ಹಗುರಾಯ್ತು."

"ಥ್ಯಾಂಕ್ಸ್!"

"ಹೊಗಳ್ತಿಲ್ಲ ಸ್ವಾಮಿ. ನಿಮ್ಮ ವರ್ಗಕ್ಕೆ ಕನಿಷ್ಠ ತೂಕ ಅಂತ ಒಂದಿದೆ. ನೀವು ಅದರ ಕೆಳಗೆ ಇದೀರಿ. ಒಬ್ಬ ಮನುಷ್ಯನಷ್ಟು ಕಡಿಮೆ."

ಡಾಕ್ಟರ ಮುಖ ಅರಿವಳಿಕೆ ಕೊಟ್ಟ ದವಡೆಯ ಹಾಗೆ ಒಂದು ಕಡೆ ಜೋತಿತು. ವರ್ಷವಿಡೀ ಗ್ರಾಂ ಲೆಕ್ಕದಲ್ಲಿ ಕೆರೆದು, ಕೊರೆದು, ತೂತು ಹೊಡೆದು ಅವನು ಸಾಧಿಸಿದ್ದು ಇದು. ನಿಯಮದ ಪುಸ್ತಕವೂ ಅವನ ಕ್ಲಿನಿಕ್ಕಿನ ಕಪಾಟಿನಲ್ಲೇ ಇತ್ತು, ಕಪ್ಪಿಗೆ ಅಡಿಯಾಗಿ. "ಮರಳಿನ ಮೂಟೆ ಹಾಕ್ಲಾ?" ಅಂದ.

"ಸಡಿಲ ಸಾಮಾನು ನಡೆಯಲ್ಲ. ಬೋಲ್ಟ್ ಹಾಕಿದ ಸೀಟು, ಬೆಲ್ಟ್ ಹಾಕಿದ ಮನುಷ್ಯ ಆದ್ರೆ ಸರಿ." ಅಪ್ಪಟ ಸುತ್ತ ನೋಡಿ ದನಿ ಎತ್ತರಿಸಿದ. "ನಿಮ್ಮನೆಯವ್ರು ಬಂದಿಲ್ವಾ?"

ಡಾಕ್ಟರು ಹೆಂಡತಿಯ ಹತ್ತಿರ ಬಂದ.

"ಏ, ಬಾ. ಸೀಟು ಹಾಕ್ತೀನಿ, ಕೂತ್ಕೊ."

"ಹೆಲ್ಮೆಟ್ ತಂದಿದೀನಿ. ರೆಡಿಯಾಗ್ತೀನಿ."

"ಒಂದ್ನಿಮಿಷ." ಅವನು ಅಪ್ಪಟನ ಕಡೆ ಕಳ್ಳನೋಟ ಬೀರಿ ಬಗ್ಗಿದ. "ಮಾತಾಡ್ಬೇಡ. ಅತ್ತೆ, ನಾದಿನಿ ಏನೂ ಬೇಡ. ಸುಮ್ನೆ ಕೂತಿದ್ರೆ ಸಾಕು. ತೂಕಕ್ಕೆ ಅಷ್ಟೇ."

ಅವಳು ಅವನನ್ನು ನೋಡಿದಳು. ಬಿಸಿಲಿಗೆ ಹಣೆಯ ಮೇಲೆ ಬೆವರು, ಮೀಸೆಯಲ್ಲಿ ಬಿಸ್ಕತ್ತಿನ ಚೂರು. ಇವನ ಮೇಲೆ ಇಷ್ಟು ದಿನ ತನಗಿದ್ದದ್ದು ಸಿಟ್ಟೆಂದು ತಿಳಿದಿದ್ದಳು. ಸಿಟ್ಟು ಬರಬೇಕಾದರೂ ಎದುರಿಗೆ ಒಬ್ಬ ಮನುಷ್ಯ ಇರಬೇಕು. ಇದು ಬರೀ ತಾತ್ಸಾರ. ತಣ್ಣಗೆ, ಗಟ್ಟಿಯಾಗಿ, ಕಲ್ಲಿನ ಹಾಗೆ.

"ಕಲ್ಲು ತಗೊಂಡು ಹೋಗಿ," ಅಂದಳು. "ಕಲ್ಲೂ ಮಾತಾಡಲ್ಲ."

"ಎಲ್ಲರ ಮುಂದೆ ಮಾನ ಕಳೀಬೇಡ!"

"ಇದ್ರೆ ತಾನೇ ಕಳೆಯೋದು," ಅಂದಳು ಹಿಂದಿನಿಂದ ಅತ್ತೆ. ಸೀಟನ್ನು ಹುಲ್ಲಿನ ಮೇಲೆ ಇಟ್ಟು ಅದರಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಎದ್ದು ಸೀರೆ ಕೊಡವಿಕೊಂಡಳು. "ತೂಕ ತಾನೇ ಬೇಕು? ನಡಿಯೋ, ನಾನು ಬರ್ತೀನಿ. ನಿನ್ನಪ್ಪ ಸ್ಕೂಟರಿನಲ್ಲಿ ಕೂರಿಸಿದ್ದು ಬಿಟ್ರೆ ನನ್ನನ್ನ ಯಾರು ಎಲ್ಲಿಗೆ ಕರ್ಕೊಂಡು ಹೋಗಿದ್ದಾರೆ?"

ಡಾಕ್ಟರಿಗೆ ಬೇರೆ ದಾರಿ ಇರಲಿಲ್ಲ. ನಾಲ್ಕು ಬೋಲ್ಟು ಬಿಗಿದ. ಅತ್ತೆಯ ತುರುಬಿನ ಮೇಲೆ ಹೆಲ್ಮೆಟ್ ಹತ್ತಲಿಲ್ಲ. ತುರುಬು ಬಿಚ್ಚಿ ಜಡೆ ಹಾಕಿಕೊಂಡಳು. ಕಾಲು ಹಾಕಿ, ಸೊಂಟ ತೂರಿಸಿ, ಬಾಗಿಲಿಗೆ ಎರಡು ಬೈದು ಒಳಗೆ ಕೂತಳು. ಹಲಗೆಯ ಮೇಲೆ ಕಾರು ಒಂದಿಷ್ಟು ಹೆಚ್ಚೇ ತೂಗಿತು. ಅಪ್ಪಟ ತಲೆಯಾಡಿಸಿದ.

ಸೊಸೆ ಕಾಲುದಾರಿ ಹಿಡಿದು ಅತ್ತೆ ತಿರುವಿಗೆ ಹತ್ತಿದಳು. ಅಲ್ಲಿ ಹುಲ್ಲಿನ ಪೆಂಡಿಗಳನ್ನು ಸಾಲಾಗಿ ಒಟ್ಟಿದ್ದರು. ಕೆಳಗಿನಿಂದ ಕೆಂಪು ಕಾರಿನ ಸದ್ದು ಬಂತು. ಸದ್ದಿನಿಂದಲೇ ಅವಳಿಗೆ ಎಲ್ಲ ಕಂಡಿತು. ನಾದಿನಿಯಲ್ಲಿ ಹೆದರಿದ. ಬ್ರೇಕೇ ಬೇಡದ ಮೈದುನನಿಗೆ ಬ್ರೇಕ್ ಹಾಕಿದ. ಷಡ್ಡಕ ಎದುರಾದಾಗ ಎಂಜಿನ್ ಉಸಿರುಗಟ್ಟಿ ಕೆಮ್ಮಿತು. "ಒತ್ತು, ಈಗ ಒತ್ತು," ಅಂದುಕೊಂಡಳು; ಬಾಯಿ ತಾನಾಗಿ ಅಂದಿತು. ಅಷ್ಟರಲ್ಲಿ ಅವನಿಗೆ ಎಲ್ಲಿಲ್ಲದ ಧೈರ್ಯ ಬಂದು ನೇರ ರಸ್ತೆಯಲ್ಲಿ ನುಗ್ಗಿದ. ಬ್ರೇಕು ಒತ್ತಬೇಕಾದ ಜಾಗ ಬಂತು, ಹೋಯಿತು. ತಿರುವು ಬಾಯ್ತೆರೆದು ಕರೆಯಿತು, ಕರೆಸಿಕೊಂಡಿತು, ಬಿಗಿಯಿತು. ಕಾರು ಅಡ್ಡಡ್ಡ ಜಾರಿ, ಹುಲ್ಲಿನ ಪೆಂಡಿಗೆ ಮೆತ್ತಗೆ ಮೂತಿ ಒರಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತೂತುಬಿದ್ದ ಬಾಗಿಲು ಒಂದು ಬದಿಗೆ ಬಾಗಿತು, ಅಷ್ಟೇ.

ಅತ್ತೆ ಹೊರಗೆ ಬಂದಳು. ಮುಖ ಕೆಂಪಗೆ, ಕಣ್ಣು ಮಿಣಮಿಣ. ತಿರುವಿನ ಹೆಸರುಗಳ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

"ಏನೇ ಇವ್ನು, ದಾರಿ ಉದ್ದಕ್ಕೂ 'ಅತ್ತೆ ಎಲ್ಲಿ, ಅತ್ತೆ ಎಲ್ಲಿ' ಅಂತಿದ್ದ. ಪಕ್ಕದಲ್ಲಿ ಹೆತ್ತ ತಾಯಿ ಕೂತಿದೀನಿ, ನಿಮ್ಮಮ್ಮನ್ನ ಕರೀತಿದಾನೆ! ಕೊನೆಗೆ 'ಬಂದ್ಳು' ಅಂತ ಕಿರುಚಿ ಕಣ್ಣು ಮುಚ್ಚಿದ."

"ಕಣ್ಣು ಮುಚ್ಚಿದ್ರಾ?"

"ಚಿಕ್ಕೋನಿದ್ದಾಗಿಂದ್ಲೂ ಹಾಗೇ. ಸೂಜಿ ಕಂಡ್ರೆ ಮುಚ್ಕೊಳ್ತಿದ್ದ. ಈಗ ಊರಿಗೆಲ್ಲ ಚುಚ್ತಾನೆ."

ಪಂದ್ಯದಲ್ಲಿ ಎರಡು ಸುತ್ತು. ಒಳ್ಳೆಯದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಡುವೆ ಊಟದ ಬಿಡುವಿನಲ್ಲಿ ರಸ್ತೆಯನ್ನು ಜನರಿಗೆ ಬಿಡುತ್ತಾರೆ. ಕಾರನ್ನು ಬುಡಕ್ಕೆ ತಳ್ಳಿಕೊಂಡು ಬಂದ ಡಾಕ್ಟರು ಹೆಂಡತಿಯ ಎದುರು ನಿಂತ. ಈಗ ಅಪ್ಪಟನ ಕಡೆ ನೋಡುವುದಕ್ಕೂ ಅವನಿಗೆ ತ್ರಾಣವಿರಲಿಲ್ಲ.

"ಎರಡನೇ ಸುತ್ತಿಗೆ ನೀನೇ ಬಾ. ಎಲ್ಲಾ ಹೇಳು. ಹೇಗೆ ಹೇಳ್ತಿದ್ಯೋ ಹಾಗೇ ಹೇಳು."

ಸೀಟು ಅಲ್ಲೇ ಇತ್ತು. ಬೆಟ್ಟ ಅಲ್ಲೇ ಇತ್ತು. ಬೆಳಿಗ್ಗೆ ಇಷ್ಟು ಅಂದಿದ್ದರೆ ಓಡಿಹೋಗಿ ಕೂರುತ್ತಿದ್ದಳು, ಅದು ಅವಳಿಗೂ ಗೊತ್ತು. ಹೇಳಿಕೊಟ್ಟರೆ ಇವನು ಗೆದ್ದಾನು. ಗೆದ್ದಮೇಲೆ ಮೈಕಿನ ಮುಂದೆ ನಿಂತು ಗೇರ್ ಕಡ್ಡಿಯ ತೂತುಗಳನ್ನು ಹೊಗಳಿಯಾನು. ಬರುವ ವರ್ಷ ಯಾರೋ ಬಿಸ್ಕತ್ತು ಅದ್ದುತ್ತಾ ನಕ್ಕರೆ ಮತ್ತೆ ಸ್ಪ್ಯಾನರ್ ಹಿಡಿದಾನು.

"ಸ್ಪ್ಯಾನರ್ ಕೊಡು," ಅಂದಳು.

ಅವನು ಕೊಟ್ಟ. ಬೋಲ್ಟು ಇನ್ನೂ ಬಿಗಿ ಮಾಡುತ್ತಾಳೆ ಅಂದುಕೊಂಡನೋ ಏನೋ. ಅವಳು ಮಂಡಿಯೂರಿ ಒಂದಾದ ಮೇಲೊಂದು ನಾಲ್ಕೂ ಬಿಚ್ಚಿದಳು. ಸೀಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಏ! ಏ! ಅದಿಲ್ದೆ ತೂಕ ಬರಲ್ಲ, ಬಿಡಲ್ಲ ಅವ್ರು!"

"ನಂಗೆ ಭಾರ ಅಲ್ಲ ಇದು," ಅಂದಳು. "ಹೋಗು, ಚಹಾ ಕುಡಿ."

ಅಪ್ಪಟನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತ್ತು. ಈ ಸಲ ಯಾರೂ ನಗಲಿಲ್ಲ.

ಬಂದ ದಾರಿಯಲ್ಲೇ ಮನೆಗೆ ವಾಪಸು ಹೋಗಬಹುದಿತ್ತು. ಅವಳು ಸಾದಾ ಕಾರನ್ನು ಬೆಟ್ಟದ ಕಡೆ ತಿರುಗಿಸಿದಳು. ಹತ್ತಿ ಆ ಕಡೆ ಇಳಿದರೂ ಮನೆ ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆ, ಡಿಕ್ಕಿಯಲ್ಲಿ ಸೀಟು, ಸ್ಟೆಪ್ನಿ, ಎರಡು ಕೊಡೆ, ನೀರಿನ ಕ್ಯಾನು. ಇಷ್ಟು ವರ್ಷ ಈ ರಸ್ತೆಯನ್ನು ಬಾಯಲ್ಲಿ ಓಡಿಸಿದ್ದಳು, ಕೈಯಲ್ಲಿ ಇದೇ ಮೊದಲು.

"ನಾದಿನಿ," ಅಂದಳು ಸುದ್ದಿ ಓದುವ ದನಿಯಲ್ಲಿ. "ಎಡ, ಬಲ. ಮೈದುನ."

"ಯಾರ ಜೊತೆ ಮಾತಾಡ್ತಿದೀಯೇ?"

"ತಿರುವಿನ ಹೆಸರು ಅತ್ತೆ. ನಾನೇ ಇಟ್ಟಿದ್ದು."

ಅತ್ತೆ ಮುಂದಿನ ಸೀಟು ಹಿಡಿದು ಬಾಗಿದಳು. "ಹಾಗಾದ್ರೆ ಅವ್ನು ಕೂಗ್ತಿದ್ದ ಅತ್ತೆ ನಾನಾ?"

"ಹೂಂ."

"ಹೇಗಿದೀನಿ?"

"ದೂರದಿಂದ ಸಲೀಸು. ಒಳಗೆ ಬಂದ್ರೆ ಬಿಗಿ."

ಅತ್ತೆ ಫಕ್ಕನೆ ನಕ್ಕಳು. "ಸರಿಯಾಗೇ ಇಟ್ಟಿದೀಯ. ಗಂಡನ ಹೆಸರಿಂದು ಯಾವುದು?"

"ಅದಿಲ್ಲ ಅತ್ತೆ. ಹುಡುಕಿದೆ. ಈ ಬೆಟ್ಟದಲ್ಲಿ ಅಂಥದ್ದು ಯಾವುದೂ ಇಲ್ಲ."

ಮೇಲೆ ನೇರ ರಸ್ತೆ ತೆರೆಯಿತು. ಅದರ ತುದಿಯಲ್ಲಿ ತಿರುವು ಬಾಯ್ತುಂಬ ಕರೆಯುತ್ತಿತ್ತು. ಅವಳು ಆಕ್ಸಿಲರೇಟರ್ ಒತ್ತಿದಳು. "ಗಟ್ಟಿಯಾಗಿ ಹಿಡ್ಕೊಳ್ಳಿ," ಅಂದಳು, "ನೀವು ಬಂದ್ರಿ," ಮತ್ತು ಇನ್ನೂ ಬೇಡ ಅನ್ನಿಸುವಾಗಲೇ ಬ್ರೇಕಿನ ಮೇಲೆ ಕಾಲಿಟ್ಟಳು.