ಹರಕೆಯ ಗಡಿಯಾರ

ಕಾಲಕ್ಕೇ ಕಾಲನಾದವನೇ, ಮರೆಯಾದದ್ದನ್ನೂ ಕಾಣುವ ಮುಕ್ಕಣ್ಣನೇ, ನಿನ್ನ ಅಡಿಗಳಿಗೆ ಶರಣು. ನಾಲಗೆಗೆ ನಿಜದ ಹದವನ್ನಿತ್ತು ಈ ಕಥೆಯನ್ನು ನಡೆಸು.

ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ವೃಷಭೇಂದ್ರಪ್ಪನವರ ಪತ್ನಿ ಪುಟ್ಟಬಸಮ್ಮನವರಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆದ ದಿನ, ವೃಷಭೇಂದ್ರಪ್ಪನವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹನೂರಿನ ಕಡೆಯ ತಮ್ಮ ಮನೆದೇವರು ವೀರಭದ್ರನಿಗೆ ಹರಕೆ ಹೊತ್ತರು. ಮಡದಿ ಎದ್ದು ಬಂದರೆ ತಮ್ಮ ಕೈಯ ಸ್ವಿಸ್ ವಾಚು ಸ್ವಾಮಿಯದು. ಪುಟ್ಟಬಸಮ್ಮ ಎದ್ದು ಬಂದರು. ಆದರೆ ಭಯ ಇಳಿದಂತೆ ವಾಚಿನ ಮೋಹ ಏರಿತು.

ನೂಲನ್ನು ಸುಟ್ಟು ಮೂಸಿದರೆ ಸಾಕು, ವೃಷಭೇಂದ್ರಪ್ಪನವರು ಅಸಲಿ ರೇಷ್ಮೆ ಯಾವುದೆಂದು ಹೇಳಬಲ್ಲರು. ಆ ಪರಿಣತಿಯನ್ನೇ ಅವರು ಒಂದು ಉತ್ತಮ ನಕಲನ್ನು ಆರಿಸುವುದಕ್ಕೆ ಬಳಸಿದರು. ತೂಕ ಸಮನಾಗಿತ್ತು, ಸೆಕೆಂಡಿನ ಮುಳ್ಳು ಕುಪ್ಪಳಿಸದೆ ಜಾರುತ್ತಿತ್ತು. ಭೇದವಿದ್ದುದು ಒಂದೇ ಕಡೆ: ಕೀಲಿ ಕೊಡುವಾಗ ಅಸಲಿಯದು ಬೆಣ್ಣೆಯಂತೆ ತಿರುಗುತ್ತಿತ್ತು, ನಕಲಿಯಲ್ಲಿ ಸಣ್ಣ ಮರಳು ಸಿಕ್ಕಂತಾಗುತ್ತಿತ್ತು. ಅದು ಯಾರಿಗೆ ತಿಳಿದೀತು ಎಂದುಕೊಂಡು ನಕಲಿಯನ್ನೇ ದೇವರ ಮುಂದಿಟ್ಟರು.

ಕಾರ್ತಿಕ ಸೋಮವಾರ ಗುಡಿಯ ಅಂಗಳದಲ್ಲಿ ಹರಕೆಯ ವಸ್ತುಗಳ ಹರಾಜು. ವೃಷಭೇಂದ್ರಪ್ಪ ದಂಪತಿಗಳೂ ಬಂದಿದ್ದರು. ಸೀರೆ, ಗಂಟೆ, ಒಂದು ಕರು ಹೋದ ಮೇಲೆ ಅರ್ಚಕ ಶಾಂತಮೂರ್ತಿ ವಾಚನ್ನೆತ್ತಿ ಹಿಡಿದ.

"ಡೂಪ್ಲಿಕೇಟ್ ಇದ್ದಾತು, ನೋಡ್ಕಂಡ್ ಕೂಗ್ರಲಾ!" ಎಂದಿತು ಗುಂಪಿನೊಳಗಿನ ಒಂದು ದನಿ.

"ತಾ ಇಲ್ಲಿ, ನಾ ನೋಡ್ತೀನಿ" ಎಂದು ಮುಂದೆ ಬಂದವರು ಯಳಂದೂರಿನ ಅಕ್ಕಿ ಗಿರಣಿಯ ರುದ್ರಸ್ವಾಮಿ, ವೃಷಭೇಂದ್ರಪ್ಪನವರ ಬಾಲ್ಯದ ಗೆಳೆಯರು. ಗಾಜಿನ ಮೇಲೆ ನೀರಿನ ಹನಿ ಬಿಟ್ಟರು; ಹನಿ ಹರಡದೆ ಮುತ್ತಾಗಿ ನಿಂತಿತು. ಮೊಳೆಯಿಂದ ಗೀಚಿದರು; ಗೆರೆ ಬೀಳಲಿಲ್ಲ. "ಮುಳ್ಳು ನೋಡ್ರಯ್ಯಾ, ಕೇರೆ ಆವ್ ಅರ್ದಂಗೆ ಓಯ್ತಾ ಅದೆ!" ಜನ ನಕ್ಕು ತಲೆದೂಗಿದರು. ವಾಚು ಒಂದೊಂದು ಪರೀಕ್ಷೆಯನ್ನು ಗೆದ್ದಂತೆ ವೃಷಭೇಂದ್ರಪ್ಪನವರ ಕೊರಳು ಬಾಗುತ್ತ ಬಂತು. ಕೊನೆಗೆ ರುದ್ರಸ್ವಾಮಿ ಕೀಲಿ ತಿರುಗಿಸಿದರು. ಅವರಿಗೇನೂ ತಿಳಿಯಲಿಲ್ಲ. ದೂರದಲ್ಲಿ ಕುಳಿತಿದ್ದ ವೃಷಭೇಂದ್ರಪ್ಪನವರ ಬೆರಳಿಗೆ ಮರಳು ತಾಗಿದಂತಾಯಿತು.

"ಸಾಕ್ ಬುಡ್ರಲಾ. ನಮ್ಮಣ್ಣನ ಅಂಗ್ಡೀಲೇ ಒಂದೆಳೆ ನಕ್ಲಿ ಸಿಕ್ಕಕಿಲ್ಲ, ದೇವ್ರಿಗ್ ಕೊಟ್ಟಾನಾ? ನಮ್ಮಳೀಮಯ್ಯನ ಕೈಗೆ ಇದ್ನೇ ಕಟ್ತೀನಿ. ಕೂಗಿ ಅಯ್ನೋರೆ!" ಎಂದರು ರುದ್ರಸ್ವಾಮಿ.

ವೃಷಭೇಂದ್ರಪ್ಪನವರು ಎದ್ದರು. "ಬ್ಯಾಡ ರುದ್ರಾ. ಅದು ನಕ್ಲಿ."

"ಅಣ್ಣಂಗೆ ಕೊಟ್ಟ ವಾಚು ವಾಪಸ್ ಬೇಕಂತೆ ಕಣ್ರೋ!" ಎಂದರು ರುದ್ರಸ್ವಾಮಿ. ಅಂಗಳವೆಲ್ಲ ನಕ್ಕಿತು.

"ನಾನೇ ಆರ್ಸಿ ತಂದ ನಕ್ಲಿ ಕಣಪ್ಪ."

ನಗು ನಿಂತಿತು. ಹೆಂಗಸರ ನಡುವಿನಿಂದ ಪುಟ್ಟಬಸಮ್ಮ ನಿಧಾನವಾಗಿ ಬಂದು ರುದ್ರಸ್ವಾಮಿಯ ಕೈಯಿಂದ ವಾಚನ್ನು ತೆಗೆದುಕೊಂಡರು.

"ನನ್ ಜೀವಕ್ಕೆ ಕೊಟ್ಟಿದ್ದು ಇದಾ?"

ವೃಷಭೇಂದ್ರಪ್ಪನವರು ಹೌದೆಂದು ತಲೆಯಾಡಿಸಿದರು.

"ಅಸ್ಲಿ ಎಲ್ಲದೆ?"

"ಅಂಗ್ಡೀಲಿ. ಗಾದಿ ಕೆಳ್ಗೆ."

"ಕಟ್ಟಂಗಿಲ್ಲ, ಯಾರ್ಗೂ ತೋರ್ಸಂಗಿಲ್ಲ. ಮತ್ಯಾಕ್ ಮಡೀಕಂಡ್ರಿ?"

ಅಂಗಡಿಯ ಬಾಗಿಲು ಹಾಕಿಕೊಂಡು, ಕದ್ದ ವಸ್ತುವೆಂಬಂತೆ ತಮ್ಮ ವಾಚನ್ನೇ ನೋಡಿ ಮತ್ತೆ ಮುಚ್ಚಿಡುವುದಷ್ಟೇ ಆಗಿತ್ತು ವೃಷಭೇಂದ್ರಪ್ಪನವರ ಸುಖ.

ರುದ್ರಸ್ವಾಮಿ ತಮ್ಮ ಕಾರಿನ ಬಾಗಿಲು ತೆರೆದರು. ಗೆಳೆಯರಿಬ್ಬರೂ ಕೊಳ್ಳೇಗಾಲಕ್ಕೆ ಹೋಗಿ ಗಾದಿಯ ಕೆಳಗಿನ ವಾಚನ್ನು ತಂದರು. ಸಂಜೆಯ ದೀಪದ ಹೊತ್ತಿಗೆ ಅಸಲಿ ವಾಚು ಸ್ವಾಮಿಯ ಪಾದ ಸೇರಿತು. ಮೆಟ್ಟಿಲ ಮೇಲೆ ಕಾದಿದ್ದ ಪುಟ್ಟಬಸಮ್ಮ ನಕಲಿಯನ್ನು ಗಂಡನ ಮುಂದೆ ಹಿಡಿದರು.

"ಕಟ್ಕಳಿ. ಇದೇ ನಿಮ್ದು."

ಅವರು ಕೈ ನೀಡಿದರು. ಈಗಲೂ ಪ್ರತಿ ಮುಂಜಾನೆ, ಪೂಜೆ ಮುಗಿಸಿ ಅದಕ್ಕೆ ಕೀಲಿ ಕೊಡುವಾಗ ಆ ಸಣ್ಣ ಮರಳು ಅವರ ಬೆರಳನ್ನು ಮುಟ್ಟುತ್ತದೆ.

ಇದನ್ನು ಕೇಳಿದ ಎಲ್ಲರ ಹರಕೆಯೂ ನಡೆಯೂ ಒಂದಾಗಿರಲಿ. ತಪ್ಪಿದವರಿಗೆ ತಲೆ ತಗ್ಗಿಸುವ ಬುದ್ಧಿಯನ್ನೂ, ತಗ್ಗಿದ ತಲೆಯ ಮೇಲೆ ತನ್ನ ಅಭಯಹಸ್ತವನ್ನೂ ಆ ಮಹಾದೇವನು ಕರುಣಿಸಲಿ.