ಸ್ಟೇರಿಂಗಿನ ಕೆಳಗಿನ ಹೊಗೆ

ನನ್ನ ಮಗ ಅಕೀಲ ತೀರಿಹೋದ ಸುದ್ದಿ ಶುಕ್ರವಾರ ಬೆಳಿಗ್ಗೆ ಬಂತು. ಮುಲುಂಡಿನ ಮನೆಯಲ್ಲಿ ನಾನು ನಮಾಜಿಗೆಂದು ಕೈಕಾಲು ಮುಖ ತೊಳೆದು ವಜೂ ಮಾಡುತ್ತಿದ್ದೆ. ವಿಲೆ ಪಾರ್ಲೆಯ ಸೇತುವೆಯ ಮೇಲೆ ಅವನ ಟ್ಯಾಕ್ಸಿ ಇದ್ದಕ್ಕಿದ್ದಂತೆ ಎಡಕ್ಕೆ ಸರಿದು ಗೋಡೆಗೆ ಬಡಿದಿತ್ತು. ನಿದ್ದೆಗಣ್ಣಲ್ಲಿ ಓಡಿಸಿದ್ದಾನೆ ಎಂದರು ಪೊಲೀಸರು. ಬಿಲ್ಡಿಂಗಿನವರೂ ಅದನ್ನೇ ಆಡಿಕೊಂಡರು.

ಸೊಸೆ ಗುಲಶನ ಒಪ್ಪಲಿಲ್ಲ. “ಆಗಷ್ಟ ಫೋನ್ ಮಾಡಿ ನಕ್ಕಾರ್ರಿ ಅಬ್ಬಾ. ನಿದ್ದಿ ಬಂದಾವ್ರು ಹಂಗ ನಗತಾರೇನು?”

ಗಂಡ ಸತ್ತವಳು ಹೊರಗೆ ಹೋಗದೆ ಶೋಕದಲ್ಲಿರಬೇಕಾದ ಇದ್ದತ್ತಿನ ತಿಂಗಳುಗಳನ್ನು ಅವಳು ಮನೆಯೊಳಗೇ ಕಳೆದಳು. ಅದು ಮುಗಿದ ಕೂಡಲೇ ಗಾಡಿ ನೋಡಬೇಕೆಂದು ಹಟ ಹಿಡಿದಳು. ಪೊಲೀಸರು ಬಿಟ್ಟುಕೊಟ್ಟ ಗಾಡಿ ಕಾಂದಿವಲಿಯಲ್ಲಿ, ನಮ್ಮೂರು ಇಂಡಿ ಕಡೆಯ ಯಲ್ಲಾಲಿಂಗನ ಗ್ಯಾರೇಜಿನಲ್ಲಿತ್ತು. ಅವನು ಸ್ಟೇರಿಂಗ್ ಬಿಚ್ಚಿ ಒಳಗಿನದನ್ನು ತೋರಿಸಿದ.

ಸ್ಟೇರಿಂಗಿನ ದಂಡಕ್ಕೆ ಒಂದು ತೆಳುವಾದ ಬಿಲ್ಲೆ. ಅದರ ಅಂಚಿಗೆಲ್ಲ ಸಣ್ಣ ಸೀಳುಗಳು. ಬಿಲ್ಲೆಯ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ಸ್ಟೇರಿಂಗ್ ತಿರುಗಿದಾಗ ಬಿಲ್ಲೆಯೂ ತಿರುಗುತ್ತದೆ. ಸೀಳು ಎದುರಾದರೆ ಬೆಳಕು ದಾಟುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಆ ಮಿನುಗುಗಳನ್ನು ಎಣಿಸಿಯೇ ಚಾಲಕ ಎತ್ತ, ಎಷ್ಟು ತಿರುಗಿಸಿದನೆಂದು ಗಾಡಿ ತಿಳಿಯುತ್ತದೆ. ಚಾಲಕ ಹಿಡಿದ ದಾರಿ ಬಿಟ್ಟು ಜಾರುತ್ತಿದ್ದೇನೆ ಎಂದು ಗಾಡಿಗೆ ಅನಿಸಿದರೆ ತಾನೇ ಒಂದು ಗಾಲಿಗೆ ಬ್ರೇಕ್ ಹಾಕುತ್ತದೆ.

“ಸೀಳು ಮುಚ್ಚಿದ್ರ ಲೆಕ್ಕ ತಪ್ಪತದ ಚಾಚಾ. ಅಂವ ಸೀದಾ ಹಿಡದ್ರೂ ತಿರುಗಿಸ್ಯಾನ ಅಂತ ತಿಳದು ಗಾಡಿ ತಾನ ಬ್ರೇಕ್ ಹಾಕಿ ಒಂದು ಕಡೆ ಎಳೀತದ. ಲೆಕ್ಕ ತಪ್ಪಿದ್ರ ಎದುರಿನ ಲೈಟ್ ಹತ್ತಿ ಆ ತಾನ ಹಾಕೋ ಬ್ರೇಕ್ ಬಂದ್ ಆಗಬೇಕು. ಒಮ್ಮೊಮ್ಮಿ ಆಗಂಗಿಲ್ಲ. ಖಾತ್ರಿ ಹೇಳಾಕ ಬರಂಗಿಲ್ಲ.”

“ಅಂದ್ರ ಅವರು ಮಲಗಿರಲಿಲ್ಲ,” ಎಂದಳು ಗುಲಶನ. ಅಷ್ಟು ತಿಂಗಳ ಮೇಲೆ ಅವಳ ಮುಖ ಸಡಿಲವಾಯಿತು.

ಯಲ್ಲಾಲಿಂಗ ಬಿಲ್ಲೆಯನ್ನು ಬೆಳಕಿಗೆ ಹಿಡಿದ. “ಕೆಳಗಿನ ಮುಚ್ಚಳ ಆಕ್ಸಿಡೆಂಟಿಗಿಂತ ಮೊದಲ ಒಡದದ. ಒಳಗೆಲ್ಲಾ ಮಸಿ. ಗಾಡ್ಯಾಗ ಕುಂತು ಬೀಡಿ ಸೇದತಿದ್ದನೇನವಾ?”

“ಬೀಡಿ? ಚಹಾ ಕುಡಿಯಾಕೂ ನನ್ನ ಕೇಳತಿದ್ರು.”

“ಮತ್ತ ಈ ಅಂಟು ಹೊಗಿ ಎಲ್ಲಿದು?”

ನನಗೆ ತಿಳಿದುಹೋಯಿತು. ಪ್ರತಿ ಗುರುವಾರ ಸಂಜೆ ಅಕೀಲ ಹೊರಡುವ ಮುಂಚೆ ಗುಲಶನ ಗಾಡಿಯ ಗಾಜು ಏರಿಸಿ, ಕೆಂಡದ ಮೇಲೆ ಲೋಬಾನದ ಧೂಪ ಹಾಕಿ, ಸ್ಟೇರಿಂಗಿನ ಕೆಳಗೆ ಹಿಡಿಯುತ್ತಿದ್ದಳು. ಗಂಡನಿಗೆ ಯಾರ ಕೆಟ್ಟ ನಜರೂ ತಾಗಬಾರದೆಂದು.

“ಧೂಳಿರಬೇಕು,” ಎಂದೆ.

ಯಲ್ಲಾಲಿಂಗ ನನ್ನ ಮುಖ ನೋಡಿದ. “ಹ್ಞೂಂ, ಧೂಳೂ ಇರಬಹುದು.”

ಅಷ್ಟರಲ್ಲಿ ಗುಲಶನ ಬಿಲ್ಲೆಯ ಮಸಿಯನ್ನು ಬೆರಳಿಂದ ಒರೆಸಿ ಮೂಸಿದ್ದಳು. ಅಳಲಿಲ್ಲ. ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಆ ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡೇ ಕುಳಿತಿದ್ದಳು.

ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ನಾನು ಅಕೀಲನ ಹೆಸರಿನಲ್ಲಿ ಫಾತಿಹಾಕ್ಕೆ ಕುಳಿತೆ. ಅವಳು ಬಾಗಿಲಲ್ಲೇ ನಿಂತಳು.

“ಬಾ ಮಗಳೇ, ಕೈ ಎತ್ತು.”

“ಅವರು ಚೊಲೋ ಇರಲಿ ಅಂತ ಮಾಡಿದ್ದು ಹಿಂಗಾತು ಅಬ್ಬಾ. ಇನ್ನ ದುವಾ ಮಾಡಾಕ ಅಂಜಿಕಿ ಬರತದ.”

ಅವಳ ಪಾಲಿನದನ್ನೂ ಸೇರಿಸಿ ನಾನೇ ಕೈ ಎತ್ತಿದೆ.

ಯಾ ಅಲ್ಲಾಹ್, ಬೇಡಲು ಹೆದರಿ ನಿಂತವಳ ಮನಸ್ಸು ನಿನಗೆ ಗೊತ್ತು. ಅವಳು ಬೇಡಿದಳೆಂದೇ ತಿಳಿ. ನನ್ನ ಅಕೀಲನ ತಪ್ಪುಗಳನ್ನು ಮನ್ನಿಸು. ಅವನ ಕಬರನ್ನು ವಿಶಾಲವಾಗಿಡು. ಅವನಿಗೆ ಶಾಂತಿ ಕೊಡು. ಆಮೀನ್.